ಪರದೇಶದ ಹಳ್ಳಿಗಳಲ್ಲಿ ಪೌಷ್ಟಿಕತೆಯ ಸೇವೆ: ಹೋಗುವವರು ತಿಳಿದಿರಬೇಕಾದುದು

ವ್ಯಾಸಂಗ ಮುಗಿಸಿದ ಮಕ್ಕಳು ಪರದೇಶದ ಹಳ್ಳಿಗಳಲ್ಲಿ ಆರೋಗ್ಯ ಹಾಗೂ ಪೌಷ್ಟಿಕ ಆಹಾರದ ಅರಿವು ಮೂಡಿಸುವ ಸ್ವಯಂಸೇವೆಗೆ ಹೊರಡಲು ಬಯಸುವುದನ್ನು ಭಕ್ತಾದಿಗಳು ನಮ್ಮಲ್ಲಿ ಪ್ರಸ್ತಾಪಿಸುವುದುಂಟು. ವೈದ್ಯರಲ್ಲದ, ಅಲ್ಲಿನ ಭಾಷೆಯೂ ಬಾರದ ನಮ್ಮ ಮಕ್ಕಳು ಅಲ್ಲಿ ಮಾಡುವುದಾದರೂ ಏನು ಎಂಬುದು ಹೆತ್ತವರ ಪ್ರಶ್ನೆ. ಪ್ರಶ್ನೆ ಯುಕ್ತವಾದುದೇ. ವಿಯೆಟ್ನಾಮಿನ ಒಂದು ನಿದರ್ಶನ ಇದಕ್ಕೆ ಉತ್ತರವಾಗಬಲ್ಲುದು.

1990ರ ಕೊನೆಯಲ್ಲಿ ಜೆರ‍್ರಿ ಮತ್ತು ಮೋನಿಕ್ ಸ್ಟರ್ನಿನ್ ದಂಪತಿ 'ಸೇವ್ ದ ಚಿಲ್ಡ್ರನ್' ಸಂಸ್ಥೆಯ ಪರವಾಗಿ ಆ ದೇಶಕ್ಕೆ ತೆರಳಿದರು. ಫಲಿತಾಂಶ ತೋರಲು ಸರ್ಕಾರ ನೀಡಿದ ಅವಧಿ ಆರೇ ತಿಂಗಳು. ಥಾನ್ ಹೋವಾ ಪ್ರಾಂತ್ಯದ ನಾಲ್ಕು ಹಳ್ಳಿಗಳಲ್ಲಿ ಕೆಲಸ ಆರಂಭವಾಯಿತು. ಅಲ್ಲಿನ ಪುಟ್ಟ ಮಕ್ಕಳಲ್ಲಿ ಅರ್ಧಕ್ಕೂ ಮಿಕ್ಕವರು ಅಪೌಷ್ಟಿಕತೆಯಿಂದ ನರಳುತ್ತಿದ್ದರು. ಹಳ್ಳಿಯ ಮಹಿಳೆಯರೇ ಮಕ್ಕಳ ತೂಕ ನೋಡಿದರು. ತೀರ ಬಡವರಾಗಿದ್ದರೂ ಮಕ್ಕಳು ದುಂಡಗಿರುವ ಮನೆಗಳು ಇವೆಯೇ ಎಂದು ದಂಪತಿ ವಿಚಾರಿಸಿದರು. ಅಂಥವು ಕೆಲವು ಇದ್ದವು!

ಆ ಮನೆಗಳ ಅಡುಗೆಯನ್ನು ಕಣ್ಣಾರೆ ಕಂಡಾಗ ಗುಟ್ಟು ತಿಳಿಯಿತು. ಭತ್ತದ ಗದ್ದೆಯಲ್ಲಿ ದೊರೆಯುವ ಕಿರುಸೀಗಡಿ, ಏಡಿಗಳನ್ನೂ ಸಿಹಿಗೆಣಸಿನ ಸೊಪ್ಪನ್ನೂ ತಾಯಂದಿರು ಮಕ್ಕಳ ಅನ್ನಕ್ಕೆ ಬೆರೆಸುತ್ತಿದ್ದರು. ಇವು ಎಳೆಯ ಮಕ್ಕಳಿಗೆ ಒಗ್ಗವೆಂಬುದು ಊರಿನ ನಂಬಿಕೆಯಾಗಿತ್ತು. ಮೇಲಾಗಿ, ಉಳಿದವರು ದಿನಕ್ಕೆರಡು ಬಾರಿ ಉಣಿಸಿದರೆ ಇವರು ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪವಾಗಿ ಉಣಿಸುತ್ತಿದ್ದರು. ಪುಟ್ಟ ಹೊಟ್ಟೆ ಒಮ್ಮೆಗೆ ಹಿಡಿಸುವುದು ಅಷ್ಟೇ ತಾನೆ? ಉಣಿಸುವ ಮೊದಲು ಕೈ ತೊಳೆಸುವ ರೂಢಿಯೂ ಇತ್ತು.

ತರುವಾಯ ದಂಪತಿ ಉಪನ್ಯಾಸಕ್ಕೆ ತೊಡಗಲಿಲ್ಲ. ತಾಯಂದಿರು ನೆರೆಮನೆಯಲ್ಲಿ ಕೂಡಿ ಎರಡು ವಾರ ಒಟ್ಟಿಗೆ ಅಡುಗೆ ಮಾಡಿ ಮಕ್ಕಳಿಗೆ ಉಣಿಸುವ ಏರ್ಪಾಡಾಯಿತು. ಬರುವಾಗ ಪ್ರತಿಯೊಬ್ಬರೂ ಸೀಗಡಿ, ಸೊಪ್ಪುಗಳನ್ನು ತಾವೇ ಆಯ್ದು ತರಬೇಕೆಂಬುದೊಂದೇ ನಿಯಮ. ಮಕ್ಕಳು ಚೇತರಿಸಿಕೊಂಡರು, ಕಾರ್ಯಕ್ರಮ ಮುಂದೆ ಬೇರೆ ಹಳ್ಳಿಗಳಿಗೂ ಹಬ್ಬಿತು. ಹೊರಗಿನವರು ತಂದದ್ದು ಒಂದು ಪ್ರಶ್ನೆಯನ್ನು ಮಾತ್ರ; ಆಹಾರ ಹಳ್ಳಿಯದೇ.

ಸೀಗಡಿ, ಏಡಿಗಳ ಮಾತು ನಮ್ಮ ಓದುಗರಲ್ಲಿ ಹಲವರಿಗೆ ಇರಿಸುಮುರಿಸಾಗಬಹುದು. ನಮ್ಮ ಮಕ್ಕಳು ತಮ್ಮ ಆಹಾರನಿಯಮವನ್ನು ಪಾಲಿಸಲಿ, ಅಡ್ಡಿಯಿಲ್ಲ. ಆದರೆ ಅಲ್ಲಿನ ತಾಯಿಯ ಪಾತ್ರೆಯಲ್ಲಿರುವುದನ್ನು ಕಂಡು ಮುಖ ಸಿಂಡರಿಸುವವರು ಈ ಸೇವೆಗೆ ಹೋಗದಿರುವುದೇ ಲೇಸು.

ಅವಧಿಯ ಕುರಿತೂ ಒಂದು ಮಾತು. 1961ರಲ್ಲಿ ಆರಂಭವಾದ ಅಮೆರಿಕದ 'ಪೀಸ್ ಕೋರ್'ನಲ್ಲಿ ಸುಮಾರು ಮೂರು ತಿಂಗಳ ತರಬೇತಿಯ ಬಳಿಕ ಎರಡು ವರ್ಷಗಳ ಸೇವೆಯಿರುತ್ತದೆ; ಸ್ಥಳೀಯ ಭಾಷೆಯ ಕಲಿಕೆ ಆ ತರಬೇತಿಯ ಮುಖ್ಯ ಭಾಗ. ಅದು ಆ ದೇಶದ ಪೌರರಿಗೆ ಮಾತ್ರ ಮೀಸಲು. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮಕ್ಕೆ ಭಾರತೀಯರೂ ಅರ್ಜಿ ಸಲ್ಲಿಸಬಹುದು. ಶುಲ್ಕ ಪಡೆದು ಎರಡು ವಾರ ಹಳ್ಳಿ ಸುತ್ತಿಸಿ ಕಳುಹಿಸುವ ಪ್ರವಾಸಗಳನ್ನು ಸೇವೆಯೆಂದು ಕರೆಯಲು ನಮಗೆ ಮನಸ್ಸಿಲ್ಲ. ಯಾವ ಸಂಸ್ಥೆಯೇ ಆಗಲಿ, ಸ್ವಯಂಸೇವಕರು ಮರಳಿದ ಮೇಲೆ ಮಕ್ಕಳ ತೂಕ ನೋಡುವವರು ಯಾರು ಎಂಬುದನ್ನು ಹೆತ್ತವರು ಮೊದಲೇ ಕೇಳಿ ತಿಳಿಯತಕ್ಕದ್ದು.