ಗೊತ್ತಿಲ್ಲ ಅಜ್ಜ, ನೋಡಿ ಹೇಳ್ತೀನಿ

'ಏನವ್ವಾ, ಡಿಗ್ರಿ ಕಲಿಯಾಕ ಹತ್ತೀರಿ. ಈ ಕಡ್ಲಿ ಹುಟ್ತಾವೋ ಇಲ್ಲೋ ಹೇಳು ನೋಡೋಣು.'

ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಸೆಪ್ಟೆಂಬರ್ ಕೊನೆ. ಹೆಸರು ಕಿತ್ತ ಎರೆಹೊಲಗಳು ಹಿಂಗಾರಿ ಬಿತ್ತನೆಗೆ ಹದವಾಗುತ್ತಿದ್ದವು. ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜ, ಮನೆಯಲ್ಲೇ ತೆಗೆದಿಟ್ಟಿದ್ದ ಕಡಲೆಯನ್ನು ಬೊಗಸೆ ತುಂಬ ಹಿಡಿದು ನನ್ನ ಮುಂದೆ ಚಾಚಿದ್ದರು. ನಾನು ಬಿ.ಎಸ್ಸಿ. ಕೃಷಿಯ ಏಳನೇ ಸೆಮಿಸ್ಟರ್ ವಿದ್ಯಾರ್ಥಿನಿ. ಬೀಜದ ಮೊಳಕೆ ಪ್ರಮಾಣದ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದವಳು. ಆದರೆ ಆ ಬೊಗಸೆ ನೋಡಿ ಏನು ಹೇಳಬೇಕೋ ತಿಳಿಯಲಿಲ್ಲ. ಕೆಲವು ಕಾಳುಗಳಿಗೆ ಹುಳು ತೂತು ಕೊರೆದಿತ್ತು. ಉಳಿದವು ಚೆನ್ನಾಗಿಯೇ ಕಾಣುತ್ತಿದ್ದವು. 'ಹುಟ್ತವೆ ಬಿಡಿ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದೇಕೋ, 'ಗೊತ್ತಿಲ್ಲ ಅಜ್ಜ, ನೋಡಿ ಹೇಳ್ತೀನಿ' ಎಂದುಬಿಟ್ಟೆ.

ಅಜ್ಜ ನಕ್ಕರು. ಕಟ್ಟೆಯ ಮೇಲಿದ್ದವರೂ ನಕ್ಕರು. ನನ್ನ ಗೆಳತಿಯರ ಮುಖ ಸಪ್ಪಗಾಯಿತು.

ಅಂದು ಸಂಜೆ ಒಂದು ಹಳೆಯ ಗೋಣಿಚೀಲ ಒದ್ದೆ ಮಾಡಿದೆವು. ಆರಿಸದೆ, ಕೈಗೆ ಬಂದ ಹಾಗೆ 100 ಕಾಳು ಎಣಿಸಿ ಸಾಲಿಗೆ ಹತ್ತರಂತೆ ಇಟ್ಟೆವು. ಚೀಲ ಸುತ್ತಿ ನೆರಳಿನಲ್ಲಿಟ್ಟು ದಿನಾ ನೀರು ಚಿಮುಕಿಸಿದೆವು. ಎಂಟನೇ ದಿನ ಅಜ್ಜನ ಎದುರೇ ಬಿಚ್ಚಿದಾಗ ಸರಿಯಾಗಿ ಮೊಳೆತಿದ್ದವು 63. ಪ್ರಮಾಣೀಕೃತ ಕಡಲೆ ಬೀಜವಾದರೆ ಕನಿಷ್ಠ 85 ಮೊಳೆಯಬೇಕು. ಅಂದರೆ ಎಕರೆಗೆ 20 ಕೆ.ಜಿ. ಬಿತ್ತುವ ಕಡೆ ಈ ಬೀಜ ಸುಮಾರು 27 ಕೆ.ಜಿ. ಬೇಕು. ಅಜ್ಜನದು ನಾಲ್ಕು ಎಕರೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಮೂರು ಎಕರೆಗೆ ರೈತ ಸಂಪರ್ಕ ಕೇಂದ್ರದಿಂದ ಬೀಜ ತಂದು, ಒಂದು ಎಕರೆಗೆ ಮಾತ್ರ ಮನೆಯ ಬೀಜವನ್ನು ಹೆಚ್ಚಿಗೆ ಹಾಕಿ ಬಿತ್ತಿದರು. ನಾಲ್ಕು ವರ್ಷದ ಡಿಗ್ರಿಯಲ್ಲಿ ನನ್ನಿಂದ ಒಬ್ಬರಿಗೆ ನಿಜವಾಗಿ ಉಪಯೋಗವಾದದ್ದು ಅದೇ ಮೊದಲು. ಅದಕ್ಕಾದ ಖರ್ಚು ಒಂದು ಗೋಣಿಚೀಲ, ಎಂಟು ದಿನ.

ಏನಿದು 'ರಾವೆ'?

ಕೃಷಿ ಪದವಿ ಓದುವವರಿಗೆ ಹಳ್ಳಿಯಲ್ಲಿ ಉಳಿದು ಕಲಿಯುವ ಅವಧಿಯೊಂದಿದೆ. ಅದರ ಪೂರ್ಣ ಹೆಸರು 'ಗ್ರಾಮೀಣ ಕೃಷಿ ಕಾರ್ಯಾನುಭವ'. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ನಾವೆಲ್ಲ 'ರಾವೆ' ಎನ್ನುತ್ತೇವೆ. ನಮ್ಮ ಬ್ಯಾಚಿಗೆ ಇದು ಏಳನೇ ಸೆಮಿಸ್ಟರಿನಲ್ಲಿತ್ತು. ವಿದ್ಯಾರ್ಥಿಗಳ ಒಂದೊಂದು ತಂಡಕ್ಕೆ ಒಂದೊಂದು ಹಳ್ಳಿ, ಒಬ್ಬೊಬ್ಬರಿಗೂ ಒಂದು ಆತಿಥೇಯ ರೈತ ಕುಟುಂಬ. ಅವರ ಹೊಲದಲ್ಲಿ ಕೆಲಸ ಮಾಡಬೇಕು, ಖರ್ಚು–ಆದಾಯ ಬರೆದಿಡಬೇಕು, ಮಣ್ಣಿನ ಮಾದರಿ ತೆಗೆಯಬೇಕು, ಬೀಜೋಪಚಾರ, ಅಜೋಲ್ಲಾ, ಎರೆಗೊಬ್ಬರದ ಪ್ರಾತ್ಯಕ್ಷಿಕೆ ಮಾಡಿ ತೋರಿಸಬೇಕು. ಕೊನೆಗೆ ಊರಿನಲ್ಲೇ ಒಂದು ವಸ್ತುಪ್ರದರ್ಶನ.

ಹಲವರು ಇದನ್ನು ಪಿಕ್‌ನಿಕ್ ಎಂದುಕೊಳ್ಳುತ್ತಾರೆ. ಇನ್ನು ಕೆಲವರು ರೆಕಾರ್ಡ್ ಬುಕ್ ತುಂಬಿಸುವ ಶಿಕ್ಷೆ ಎಂದುಕೊಳ್ಳುತ್ತಾರೆ. ನಾನು ಎರಡನೇ ಗುಂಪಿನವಳಾಗಿದ್ದೆ. ತುಮಕೂರು ಕಡೆಯ ನನಗೆ ಅಲ್ಲಿಯ ಮಾತೇ ಮೊದಲ ವಾರ ಅರ್ಥವಾಗುತ್ತಿರಲಿಲ್ಲ. ಊರಿನ ನಕ್ಷೆಯನ್ನು ಗುಡಿಯ ಮುಂದೆ ರಂಗೋಲಿಯಲ್ಲಿ ಬಿಡಿಸಿದ ದಿನ ನೆನಪಿದೆ. ಶಾಲೆ, ಪಂಚಾಯಿತಿ, ಕೆರೆ ಎಲ್ಲ ಬಿಡಿಸಿ ಬಣ್ಣ ತುಂಬಿ ಫೋಟೊ ತೆಗೆಯಲು ನಿಂತಿದ್ದೆವು. ಕೊಡ ಹೊತ್ತು ಹೊರಟಿದ್ದ ಹೆಂಗಸೊಬ್ಬರು ನಿಂತು ನೋಡಿ, 'ನಾವು ದಿನಾ ನೀರು ತರೂ ದಾರಿನ ಇಲ್ಲಲ್ಲ ಇದರಾಗ' ಎಂದರು. ಆ ದಾರಿಯನ್ನು ನಾವು ಯಾರನ್ನೂ ಕೇಳಿಯೇ ಇರಲಿಲ್ಲ. ಅವರನ್ನೇ ಕೂರಿಸಿಕೊಂಡು ಮತ್ತೆ ಬಿಡಿಸಿದೆವು.

ಕೇಳದೆ ಹೇಳಬಾರದು, ನೋಡದೆ ಸಲಹೆ ಕೊಡಬಾರದು. ರಾವೆಯಿಂದ ನಾನು ತಂದದ್ದು ಇಷ್ಟೇ. ಆದರೆ ಕಲಿತ ಪಾಠವನ್ನು ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲೇ ಮರೆತೆ.

ಮೆಣಸಿನಗಿಡದ ಮೂರು ಟೊಂಗೆ

ಪದವಿ ಮುಗಿದಾಗ ಮನೆಯಲ್ಲಿ ಸಂಬಳದ ಅಗತ್ಯವಿತ್ತು. ಸರ್ಕಾರಿ ಕೃಷಿ ಅಧಿಕಾರಿ ಹುದ್ದೆಗಳ ಅಧಿಸೂಚನೆಗೆ ಎಷ್ಟು ಕಾಯಬೇಕೋ ಗೊತ್ತಿರಲಿಲ್ಲ. ಒಂದು ಕೀಟನಾಶಕ ಕಂಪನಿಯಲ್ಲಿ ಮಾರಾಟ ವಿಭಾಗದ ಟ್ರೈನಿಯಾಗಿ ಸೇರಿದೆ. ಮೆಣಸಿನಕಾಯಿ ಬೆಳೆಯುವ ಒಂದು ತಾಲ್ಲೂಕು ನನ್ನ ಪಾಲಿಗೆ ಬಂತು.

ತಿಂಗಳ ಕೊನೆಯ ವಾರ. ಟಾರ್ಗೆಟ್ ಅರ್ಧವೂ ಆಗಿರಲಿಲ್ಲ. ಡೀಲರ್ ಅಂಗಡಿಯಲ್ಲಿ ಕುಳಿತಿದ್ದಾಗ ರೈತರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಮೆಣಸಿನಗಿಡದ ಮೂರು ಟೊಂಗೆ ತಂದರು. 'ಮುರುಟು ಬಂದೈತ್ರಿ, ಏನರ ಕೊಡ್ರಿ.' ಡೀಲರ್ ನನ್ನತ್ತ ನೋಡಿದರು: 'ಮೇಡಂ, ನಿಮ್ಮದೇ ಕೊಡಲಾ?'

ಮೆಣಸಿನಕಾಯಿಯಲ್ಲಿ ಎಲೆ ಮುರುಟಲು ಕಾರಣ ಒಂದೇ ಅಲ್ಲ. ಥ್ರಿಪ್ಸ್ ನುಸಿ ರಸ ಹೀರಿದರೆ ಎಲೆಯ ಅಂಚು ಮೇಲ್ಮುಖವಾಗಿ ಮುದುಡುತ್ತದೆ. ಮೈಟ್ ನುಸಿಯಾದರೆ ಕೆಳಮುಖವಾಗಿ ಮುದುಡಿ, ಬೋರಲು ಹಾಕಿದ ದೋಣಿಯಂತೆ ಕಾಣುತ್ತದೆ, ತೊಟ್ಟು ಉದ್ದವಾಗುತ್ತದೆ. ಒಂದಕ್ಕೆ ಹೊಡೆಯುವ ಔಷಧ ಇನ್ನೊಂದಕ್ಕೆ ನಾಟಬೇಕೆಂದಿಲ್ಲ. ನಮ್ಮ ಕಂಪನಿಯದು ಥ್ರಿಪ್ಸ್‌ನ ಔಷಧ. ಟೊಂಗೆಯ ಎಲೆಗಳು ಕೆಳಕ್ಕೆ ಮುದುಡಿದ್ದವು. ನನಗದು ಕಂಡಿತ್ತು. ಕಂಡೂ ತಲೆಯಾಡಿಸಿದೆ.

ಅವರು ಎರಡು ಎಕರೆಗೆ ಬೇಕಾದಷ್ಟು ಔಷಧವನ್ನು ಉದ್ರಿ ಬರೆಸಿ ಒಯ್ದರು. ಎರಡು ವಾರ ಬಿಟ್ಟು ಅದೇ ಅಂಗಡಿಯಲ್ಲಿ ಸಿಕ್ಕರು. 'ಏನೂ ಆಗಲಿಲ್ರಿ ಮೇಡಂ.' ಸಿಟ್ಟು ಮಾಡಲಿಲ್ಲ. ಅದೇ ನನಗೆ ಕಷ್ಟವಾದದ್ದು. ಅವರ ಬೈಕಿನ ಹಿಂದೆ ನನ್ನ ಸ್ಕೂಟರ್ ಓಡಿಸಿಕೊಂಡು ಹೊಲಕ್ಕೆ ಹೋದೆ. ಎಲೆಯನ್ನು ತಿರುಗಿಸಿ ಭೂತಗನ್ನಡಿ ಹಿಡಿದರೆ ಮೈಟ್ ನುಸಿ ಹರಿದಾಡುತ್ತಿತ್ತು. ಅಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀರಿನಲ್ಲಿ ಕರಗುವ ಗಂಧಕ ಸಿಂಪಡಿಸಲು ಬರೆದುಕೊಟ್ಟೆ. ಅದು ನಮ್ಮ ಕಂಪನಿಯದಲ್ಲ, ಬೆಲೆಯೂ ಕಡಿಮೆ. ಅಷ್ಟರಲ್ಲಿ ಹೂವು ಉದುರಿ, ಮೊದಲ ಬಿಡಿಸುವಿಕೆ ಕೈಬಿಟ್ಟಿತ್ತು. ಹಿಂದಿನ ಔಷಧದ ದುಡ್ಡನ್ನು ನಾನು ಅವರಿಗೆ ಕೊಡಲಿಲ್ಲ. ಕೊಡಬೇಕಿತ್ತು.

ಮರುದಿನವೇ ರಾಜೀನಾಮೆ ಎಸೆದು ಬಂದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಇನ್ನೂ 11 ತಿಂಗಳು ಅಲ್ಲೇ ಇದ್ದೆ. ಎಲೆ ನೋಡದೆ ಔಷಧ ಹೇಳುವುದನ್ನು ಮಾತ್ರ ನಿಲ್ಲಿಸಿದೆ. ಕೆಲವು ತಿಂಗಳು ಇನ್ಸೆಂಟಿವ್ ತಪ್ಪಿತು. ವಿಚಿತ್ರವೆಂದರೆ, ಎಂಟನೇ ತಿಂಗಳಿನ ಹೊತ್ತಿಗೆ ಕೆಲವು ಊರುಗಳ ರೈತರು ಅಂಗಡಿಗೆ ಹೋಗುವ ಮೊದಲೇ ನನಗೆ ಎಲೆಯ ಫೋಟೊ ಕಳಿಸುತ್ತಿದ್ದರು. ಕಂಪನಿ ಕೆಲಸ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದನ್ನು ನನಗಿಂತ ನೇರವಾಗಿ, ನನಗಿಂತ ಚೆನ್ನಾಗಿ ಮಾಡುತ್ತಿರುವ ಸಹಪಾಠಿಗಳಿದ್ದಾರೆ. ಆ ದಿನ ತಪ್ಪಿದ್ದು ನಾನು.

ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ

ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ ಓದಿದವರಿಗೆ ದಾರಿಗಳು ಹಲವು. ಬ್ಯಾಂಕುಗಳ ಕೃಷಿ ಕ್ಷೇತ್ರ ಅಧಿಕಾರಿ ಹುದ್ದೆಗೆ ಐಬಿಪಿಎಸ್ ಪರೀಕ್ಷೆಯಿದೆ. ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರಗಳ ಸಂಶೋಧನಾ ಯೋಜನೆಗಳಲ್ಲಿ ಗುತ್ತಿಗೆ ಹುದ್ದೆಗಳಿರುತ್ತವೆ. ಸ್ವಂತ ಉದ್ಯೋಗ ಬೇಕೆಂದರೆ ಕೇಂದ್ರ ಸರ್ಕಾರದ 'ಅಗ್ರಿ ಕ್ಲಿನಿಕ್' ಯೋಜನೆ 2002ರಿಂದ ಇದೆ. ಅದರಲ್ಲಿ 45 ದಿನದ ತರಬೇತಿ, ನಂತರ ಬ್ಯಾಂಕ್ ಸಾಲಕ್ಕೆ ಸಹಾಯಧನ ಸಿಗುತ್ತದೆ. ಮಹಿಳೆಯರಿಗೂ ಪರಿಶಿಷ್ಟರಿಗೂ ಸಹಾಯಧನದ ಪ್ರಮಾಣ ಹೆಚ್ಚು. ಖಾಸಗಿ ಕಂಪನಿಗಳಂತೂ ಕ್ಯಾಂಪಸ್ಸಿಗೇ ಬರುತ್ತವೆ.

ಇಂಟರ್ವ್ಯೂನಲ್ಲಿ ಅವರು ನಮ್ಮನ್ನು ಪ್ರಶ್ನೆ ಕೇಳುತ್ತಾರೆ. ನಾವೂ ಕೆಲವನ್ನು ಕೇಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ನೀವು ಕೇಳಿ.

ಹೇಳಿದ ಸಂಬಳದಲ್ಲಿ ಖಚಿತವಾದದ್ದೆಷ್ಟು, ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವುದೆಷ್ಟು? ನೇಮಕಾತಿ ಕಂಪನಿಯದೋ, ಮಧ್ಯದ ಏಜೆನ್ಸಿಯದೋ? ಪೆಟ್ರೋಲ್ ಖರ್ಚು ಯಾರದು, ಎಷ್ಟು ಕಿಲೋಮೀಟರ್‌ವರೆಗೆ? ಡೀಲರುಗಳಿಂದ ಬಾಕಿ ವಸೂಲಿಯೂ ನಮ್ಮ ತಲೆಗೆ ಬರುತ್ತದೆಯೇ? ಹೊಸಬರು ಹೆಚ್ಚಾಗಿ ಸೋಲುವುದು ಈ ವಸೂಲಿಯಲ್ಲಿ. ಹೆಣ್ಣುಮಕ್ಕಳಾದರೆ ಇನ್ನೊಂದು: ಸಂಜೆ ಎಷ್ಟು ಹೊತ್ತಿನವರೆಗೆ ಹಳ್ಳಿಗಳಲ್ಲಿ ಇರಬೇಕಾಗುತ್ತದೆ, ಉಳಿಯುವ ವ್ಯವಸ್ಥೆ ಏನು? ಕೊನೆಯದು, ನನ್ನ ಮಟ್ಟಿಗೆ ಮುಖ್ಯವಾದದ್ದು: ರೈತರಿಗೆ ನಮ್ಮ ಉತ್ಪನ್ನ ಬೇಡ ಎಂದು ಕಂಡಾಗ 'ಬೇಡ' ಎಂದು ಹೇಳಿದರೆ ಮೇಲಿನವರು ಏನನ್ನುತ್ತಾರೆ? ಈ ಪ್ರಶ್ನೆಗೆ ನಗು ಬಂದರೆ ಆ ನಗುವೇ ಉತ್ತರ.

ಇಂಟರ್ನ್‌ಶಿಪ್‌ನಲ್ಲಿ ಇರುವವರಿಗೆ ಇನ್ನೂ ಒಂದು ಮಾತು. ಸರ್ಟಿಫಿಕೇಟ್ ಜತೆಗೆ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ದಿನ, ಯಾರ ಹೊಲ, ಏನು ಕಂಡಿತು, ಏನು ಹೇಳಿದಿರಿ, ಆಮೇಲೆ ಏನಾಯಿತು ಎಂದು ಬರೆಯಿರಿ. 'ಆಮೇಲೆ ಏನಾಯಿತು' ಎನ್ನುವ ಸಾಲನ್ನು ಖಾಲಿ ಬಿಡಬೇಡಿ. ಈಗಿನ ಕೆಲಸದ ಇಂಟರ್ವ್ಯೂನಲ್ಲಿ ನನ್ನ ಅಂಕಪಟ್ಟಿಗಿಂತ ಹೆಚ್ಚು ಹೊತ್ತು ಅವರು ನೋಡಿದ್ದು ಆ ನೋಟ್‌ಬುಕ್ಕನ್ನೇ. ಮೆಣಸಿನಗಿಡದ ಪುಟವೂ ಅದರಲ್ಲಿತ್ತು.

ಈಗಿನ ಕೆಲಸ

ಈಗ ನಾನು ರೈತ ಉತ್ಪಾದಕ ಕಂಪನಿಯೊಂದರ ಮುಖ್ಯ ಕಾರ್ಯನಿರ್ವಾಹಕಿ. ಹೆಸರು ದೊಡ್ಡದು. ಕಚೇರಿ ಎಂದರೆ ಗೋದಾಮಿಗೆ ಅಂಟಿದ ಒಂದು ಕೋಣೆ, ನಾನು ಮತ್ತು ಒಬ್ಬ ಲೆಕ್ಕಿಗ. ದೇಶದಲ್ಲಿ 10,000 ಇಂಥ ಸಂಸ್ಥೆಗಳನ್ನು ಕಟ್ಟುವ ಯೋಜನೆ 2020ರಲ್ಲಿ ಆರಂಭವಾಯಿತು. ಅದರಲ್ಲಿ ಒಂದು ಸಂಸ್ಥೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನಿರ್ವಹಣಾ ನೆರವು ಇದೆ. ನನ್ನಂಥವರಿಗೆ ಸಂಬಳ ಬರುವುದು ಅದರಿಂದಲೇ. ಹಿಂದಿನ ಕೆಲಸಕ್ಕಿಂತ ಕಡಿಮೆ. ಮೂರು ವರ್ಷ ಕಳೆದ ಮೇಲೆ ವ್ಯಾಪಾರದಿಂದಲೇ ಸಂಬಳ ಹುಟ್ಟಬೇಕು. ಹುಟ್ಟದಿದ್ದರೆ ನಾನು ಮತ್ತೆ ಬಯೋಡೇಟಾ ಹಿಡಿದು ಹೊರಡಬೇಕು. ಈ ಸಾಲಿಗೆ ಬರಲು ಆಸೆಪಡುವವರು ಇದನ್ನೂ ತಿಳಿದೇ ಬನ್ನಿ. ಮನೆಯಲ್ಲಿ ಅಮ್ಮ ಈಗಲೂ 'ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದೀಯ ತಾನೆ?' ಎನ್ನುತ್ತಾರೆ. ಓದುತ್ತಲೂ ಇದ್ದೇನೆ.

ಹಿಂಗಾರಿ ಬಿತ್ತನೆಗೆ ಹದಿನೈದು ದಿನ ಮೊದಲು ನಮ್ಮ ಗೋದಾಮಿನಲ್ಲಿ ಗೋಣಿಚೀಲಗಳ ಸಾಲು ಇರುತ್ತದೆ. ಸದಸ್ಯರು ತಮ್ಮ ಮನೆಯ ಬೀಜ ತರುತ್ತಾರೆ, ನಾವು 100 ಕಾಳು ಎಣಿಸಿ ಹೆಸರು ಬರೆದಿಡುತ್ತೇವೆ. ಚೆನ್ನಾಗಿ ಮೊಳೆತರೆ ನಮ್ಮಲ್ಲಿ ಬೀಜ ಕೊಳ್ಳಬೇಡಿ ಎನ್ನುತ್ತೇವೆ. ನಮ್ಮ ಬೀಜದ ವ್ಯಾಪಾರಕ್ಕೆ ಅದರಿಂದ ಸ್ವಲ್ಪ ಪೆಟ್ಟೇ. ಆದರೆ ಆ ಮಾತು ಕೇಳಿಸಿಕೊಂಡವರು ಗೊಬ್ಬರಕ್ಕೂ ಕಡಲೆ ಮಾರಾಟಕ್ಕೂ ನಮ್ಮಲ್ಲಿಗೇ ಬರುತ್ತಾರೆ.

ನವಲಗುಂದದ ಅಜ್ಜ ವರ್ಷಕ್ಕೊಮ್ಮೆ ಮೊಮ್ಮಗನ ಫೋನಿನಿಂದ ಮಾತನಾಡುತ್ತಾರೆ. ಕಳೆದ ಅಕ್ಟೋಬರಿನಲ್ಲೂ ಮಾತನಾಡಿದರು. ಈಗ ಅವರೇ ಚೀಲ ಒದ್ದೆ ಮಾಡಿ ಕಾಳು ಎಣಿಸುತ್ತಾರಂತೆ.

'ಈ ಸಲ ನೂರಕ್ಕ ಎಂಬತ್ತೆಂಟು ಹುಟ್ಯಾವವ್ವಾ. ಬಿತ್ತಲೇನು?'

'ಬಿತ್ತಿ ಅಜ್ಜ' ಎಂದೆ.