ಚಿಗಟೇರಿಯ ಮಾತು, ಮುದೇನೂರು ಸಂಗಣ್ಣನವರ ಕೋಶ

ಜಾನಪದ ತಜ್ಞ, ನಾಟಕಕಾರ ಮುದೇನೂರು ಸಂಗಣ್ಣ (1927–2008) ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯವರು. ಅವರು ಹುಟ್ಟಿದಾಗ ಈ ಸೀಮೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಮುಂದೆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆ ಎಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಮಾತ್ರ ಅದೇ ಮ್ಯಾಲೆ, ಬ್ಯಾಡ, ಐತಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಬಯಲುಸೀಮೆಯಲ್ಲಿ ಬಾಯಿಮಾತಿನ ಸಾಹಿತ್ಯ ಸಮೃದ್ಧ. ಕೂಡ್ಲಿಗಿ ಕಡೆ ಮ್ಯಾಸಬೇಡರು ತಮ್ಮ ವೀರರ ಕಥೆಗಳನ್ನು ಹಾಡುತ್ತಾರೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಸಾಲಿನ ಕಾರಣಿಕ ನುಡಿದು ಅವನು ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ. ಆ ಸಾಲಿನಲ್ಲಿ ರೈತರು ವರ್ಷದ ಮಳೆ ಬೆಳೆ ಕಾಣುತ್ತಾರೆ.

ಇಂಥ ನೆಲದ ಜಾನಪದವನ್ನು ಸಂಗ್ರಹಿಸಿದ ಸಂಗಣ್ಣನವರು ಅಷ್ಟಕ್ಕೇ ನಿಲ್ಲದೆ ಊರಿನ ಆಡುಮಾತಿಗೇ ‘ಚಿಗಟೇರಿ ಪದಕೋಶ’ ರಚಿಸಿದರು. ಅದರ ಬೆಲೆ ದೊಡ್ಡದು. 1894ರ ಕಿಟೆಲ್ ನಿಘಂಟಾಗಲಿ, ಎಂಟು ಸಂಪುಟಗಳ ಸಾಹಿತ್ಯ ಪರಿಷತ್ತಿನ ನಿಘಂಟಾಗಲಿ ಒಂದು ಹಳ್ಳಿಯ ಬಳಕೆಯನ್ನು ಇಡಿಯಾಗಿ ಹಿಡಿಯಲು ಹೊರಟವಲ್ಲ. ಪರಿಷತ್ತಿನ ನಿಘಂಟಿಗೆ ಕಾವ್ಯ, ಶಾಸನಗಳೇ ಮುಖ್ಯ ಆಧಾರ. ಆಡುಮಾತು ದಾಖಲಾಗದೆ ಹಾಡು ಮಾತ್ರ ಅಚ್ಚಾದರೆ, ಮುಂದಿನ ತಲೆಮಾರಿಗೆ ಹಾಡಿನ ಅರ್ಧ ಪದಗಳು ಒಗಟಾಗುತ್ತವೆ.

ಹಾಡು, ಪದ ಎರಡನ್ನೂ ಒಟ್ಟಿಗೆ ಹಿಡಿದ ಇನ್ನೊಬ್ಬರು ಸರ್ಬಿಯಾದ ವೂಕ್ ಕರಾಜಿಚ್ (1787–1864). ರೈತ ಕುಟುಂಬದ ಈ ಕುಂಟುಗಾಲಿನ ವಿದ್ವಾಂಸ 1814ರಲ್ಲಿ ವಿಯೆನ್ನಾದಲ್ಲಿ ಜನಪದ ಗೀತೆಗಳ ಮೊದಲ ಸಂಗ್ರಹವನ್ನೂ ವ್ಯಾಕರಣವನ್ನೂ ಪ್ರಕಟಿಸಿದರು. 1818ರಲ್ಲಿ 26,000ಕ್ಕೂ ಹೆಚ್ಚು ಪದಗಳ ನಿಘಂಟು ತಂದರು. ಕುರುಡ ಗಾಯಕ ಫಿಲಿಪ್ ವಿಶ್ನಿಚ್ ಹಾಡಿದ ವೀರಗೀತೆಗಳನ್ನು ಕೂತು ಬರೆದುಕೊಂಡರು. ಆಡಿದಂತೆ ಬರೆಯಬೇಕೆಂದು ಬೇಡದ ಅಕ್ಷರಗಳನ್ನು ಕೈಬಿಟ್ಟು, ಲಿಪಿಯನ್ನು 30 ಅಕ್ಷರಗಳಿಗೆ ಇಳಿಸಿದರು. ಚರ್ಚು ಕಟುವಾಗಿ ವಿರೋಧಿಸಿತು. ಸರ್ಕಾರದ ಪೂರ್ಣ ಒಪ್ಪಿಗೆ ಸಿಕ್ಕಿದ್ದು 1868ರಲ್ಲಿ, ಅವರು ತೀರಿಕೊಂಡ ಮೇಲೆ.

ಕನ್ನಡದ ಲಿಪಿ ಮೊದಲಿನಿಂದಲೂ ಉಚ್ಚಾರಕ್ಕೆ ಹತ್ತಿರ. ಮ್ಯಾಲೆ ಎಂದು ಬರೆಯಲು ಇಲ್ಲಿ ಹೊಸ ಅಕ್ಷರ ಬೇಕಿರಲಿಲ್ಲ; ಹಾಗೆ ಬರೆದದ್ದನ್ನು ತಪ್ಪು ಎಂದು ತಿದ್ದದ ಮನಸ್ಸು ಬೇಕಿತ್ತು. ಕೊಟ್ಟೂರಿನ ಕುಂ. ವೀರಭದ್ರಪ್ಪ ಇದೇ ಸೀಮೆಯ ಮಾತನ್ನು ಕಾದಂಬರಿಗೆ ತಂದರು. ಅವರ ‘ಅರಮನೆ’ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.