ನಿಮಗಿದು ಗೊತ್ತೆ? ಗೋಣಿಚೀಲದಲ್ಲಿ ಹೋದ ಬೆಕ್ಕು

ಬೇಡವಾದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಕೆ.ಆರ್. ನಗರದ ಅಕ್ಕಿ ಗಿರಣಿ ಬಳಿಯೋ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹದಮಾಡುವ ಬ್ಯಾರನ್ ಹತ್ತಿರವೋ ಬಿಟ್ಟುಬರುವುದುಂಟು. ಅನ್ನ–ನೀರಿಲ್ಲದೆ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದರಿಂದ ಸಂತತಿಯೂ ತಗ್ಗದು: ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬಂದು, ಗಬ್ಬವಾದ ಸುಮಾರು 65 ದಿನಕ್ಕೆ ಮರಿ ಹಾಕಬಲ್ಲದು. ಬೀದಿಬೆಕ್ಕನ್ನು ಹಿಡಿದು, ಸಂತಾನಹರಣ ಮಾಡಿಸಿ, ಅದೇ ಬೀದಿಗೆ ಬಿಡುವುದು ಹಲವು ದೇಶಗಳ ಕ್ರಮ. ಗುರುತಿಗೆ ಕಿವಿತುದಿ ಕತ್ತರಿಸಿರುತ್ತಾರೆ.

ಬೆಳೆದ ಬೆಕ್ಕನ್ನು ಹೊಸದಾಗಿ ತಂದವರು ಎರಡು–ಮೂರು ವಾರ ಮನೆಯೊಳಗೇ ಇರಿಸಿ. ಇಲ್ಲವಾದರೆ ಹಳೇ ಮನೆ ಹುಡುಕಿ ಹೊರಟೀತು. ಬರೀ ಹಾಲನ್ನ ಸಾಲದು. ಮಾಂಸ–ಮೀನಿನಲ್ಲಿರುವ ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣು, ಹೃದಯ ಕೆಡುತ್ತವೆ. ಹಾಲೇ ಅಮೃತವೆಂಬುದು ನಮ್ಮ ನಂಬಿಕೆ ಅಷ್ಟೆ!

ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಸಿಕ್ಕ ಮರಿ ಕಾಡುಬೆಕ್ಕಿನದೂ ಇರಬಹುದು. ಅದು ವನ್ಯಜೀವಿ, ಸಾಕುವಂತಿಲ್ಲ, ಅರಣ್ಯ ಇಲಾಖೆಗೆ ತಿಳಿಸಬೇಕು.